ಇನ್ಶೂರೆನ್ಸ್ ಮುಗಿದರೆ ಲೈಸೆನ್ಸ್ ಹೋಗುತ್ತದೆಯೇ?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ಬೈಕು, ಟಂಟಂ, ಟ್ರ್ಯಾಕ್ಟರ್ ನಡೆಸುವವರ ಬಾಯಲ್ಲಿ ಒಂದು ಮಾತು ಆಗಾಗ ಬರುತ್ತದೆ: "ಇನ್ಶೂರೆನ್ಸ್ ಮುಗದಿತ್ರಿ, ಅದಕ್ಕ ಲೈಸೆನ್ಸ್ ಕಸ್ಗೊಂಡ್ರು." ಅನೇಕರು ಇದನ್ನೇ ಕಾನೂನು ಎಂದು ನಂಬಿ, ಯಾರೋ ಏಜೆಂಟನ ಕೈಗೆ ದುಡ್ಡು ಕೊಟ್ಟು, ತಿಂಗಳುಗಟ್ಟಲೆ ಕಾಯುತ್ತಾರೆ. ನಮ್ಮ ಕಾನೂನಿನಲ್ಲಿ ಹಾಗಿಲ್ಲ. ವಿಮೆಯ ಅವಧಿ ಮುಗಿದದ್ದು ಒಂದು ಅಪರಾಧ, ಲೈಸೆನ್ಸ್ ಅಮಾನತು ಬೇರೆಯೇ ಒಂದು ಪ್ರಕ್ರಿಯೆ. ಅಮೆರಿಕದ ಫ್ಲಾರಿಡಾದಂಥ ಕೆಲವು ರಾಜ್ಯಗಳಲ್ಲಿ ವಿಮೆ ತಪ್ಪಿತೆಂದರೆ ಚಾಲಕನ ಲೈಸೆನ್ಸೇ ಅಮಾನತಾಗುತ್ತದೆ. ಅಲ್ಲಿರುವ ನಮ್ಮವರು ಊರಿಗೆ ಫೋನ್ ಮಾಡಿದಾಗ ಹೇಳುವುದು ಆ ಕಾನೂನು. ಇಲ್ಲಿ ನಡೆಯುವುದು 1988ರ ಮೋಟಾರು ವಾಹನ ಕಾಯ್ದೆ, ಮತ್ತು 2019ರಲ್ಲಿ ಅದಕ್ಕೆ ಆದ ತಿದ್ದುಪಡಿ.

ಆ ಕಾಯ್ದೆಯ 146ನೇ ಕಲಂ ಪ್ರಕಾರ ಥರ್ಡ್ ಪಾರ್ಟಿ ವಿಮೆ ಇಲ್ಲದ ವಾಹನವನ್ನು ಸಾರ್ವಜನಿಕ ರಸ್ತೆಗೆ ಇಳಿಸುವಂತಿಲ್ಲ. ಇಳಿಸಿದರೆ 196ನೇ ಕಲಂ: ಮೊದಲ ಸಲ 2,000 ರೂಪಾಯಿ ದಂಡ, ಅಥವಾ ಮೂರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ. ಮತ್ತೆ ಸಿಕ್ಕರೆ ದಂಡ 4,000 ರೂಪಾಯಿ. ಕೋರ್ಟಿಗೆ ಹೋಗದೆ ಸ್ಥಳದಲ್ಲೇ ದಂಡ ಕಟ್ಟಿ ಮುಗಿಸಿಕೊಳ್ಳಲು 200ನೇ ಕಲಂ ಅವಕಾಶ ಕೊಡುತ್ತದೆ, ಆ ಮೊತ್ತವನ್ನು ರಾಜ್ಯ ಸರ್ಕಾರ ನಿಗದಿ ಮಾಡುತ್ತದೆ. 196ನೇ ಕಲಮಿನಲ್ಲಿ ಲೈಸೆನ್ಸ್ ಕಿತ್ತುಕೊಳ್ಳುವ ಮಾತೇ ಇಲ್ಲ. ಇನ್ನೊಂದು ಮಾತು: ವಿಮೆ ಚಾಲ್ತಿಯಲ್ಲಿದ್ದು ಕಾಗದ ಮಾತ್ರ ಮನೆಯಲ್ಲಿ ಉಳಿದಿದ್ದರೆ ಅದು ವಿಮೆ ಇಲ್ಲದ ಅಪರಾಧವಲ್ಲ. ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪಿನಲ್ಲಿ ತೋರಿಸುವ ದಾಖಲೆಗೂ ಕಾನೂನಿನ ಮಾನ್ಯತೆ ಇದೆ. ಸಾರಿಗೆ (ಟ್ರಾನ್ಸ್‌ಪೋರ್ಟ್) ವಾಹನದ ಚಾಲಕರನ್ನು ಬಿಟ್ಟು ಉಳಿದವರಿಗೆ, ತಾವು ಹೇಳಿದ ಪೊಲೀಸ್ ಠಾಣೆಗೆ ಏಳು ದಿನದೊಳಗೆ ವಿಮಾಪತ್ರ ತಂದು ತೋರಿಸಲು 158ನೇ ಕಲಮಿನಲ್ಲಿ ಅವಕಾಶವೂ ಇದೆ.

ಹಾಗಾದರೆ ಲೈಸೆನ್ಸ್ ಹೋಗುವುದು ಯಾಕೆ? ಕುಷ್ಟಗಿ ಹತ್ತಿರ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಒಂದು ಬೈಕನ್ನು ನಿಲ್ಲಿಸಿದರು ಅಂತಿಟ್ಟುಕೊಳ್ಳಿ. ಮೇಲೆ ಮೂವರು ಕೂತಿದ್ದಾರೆ, ನಡೆಸುವವನ ತಲೆ ಮೇಲೆ ಹೆಲ್ಮೆಟ್ ಇಲ್ಲ, ವಿಮೆ ಮುಗಿದು ವರ್ಷವಾಗಿದೆ. ಇಲ್ಲಿ ಅಪರಾಧ ಒಂದಲ್ಲ, ಮೂರು. ಚಲನ್‌ನಲ್ಲಿ ದೊಡ್ಡದಾಗಿ ಕಾಣುವುದು ವಿಮೆಯ ದಂಡ, ಸವಾರನ ನೆನಪಿನಲ್ಲಿ ಉಳಿಯುವುದೂ ಅದೇ. ಆದರೆ ಲೈಸೆನ್ಸಿಗೆ ಕುತ್ತು ತಂದದ್ದು ಉಳಿದೆರಡು. 194ಸಿ, ಅಂದರೆ ಬೈಕಿನ ಮೇಲೆ ಮೂವರ ಸವಾರಿ. 194ಡಿ, ಅಂದರೆ ಹೆಲ್ಮೆಟ್ ಇಲ್ಲದ ಸವಾರಿ. ಒಂದೊಂದಕ್ಕೂ 1,000 ರೂಪಾಯಿ ದಂಡದ ಜೊತೆ ಮೂರು ತಿಂಗಳು ಲೈಸೆನ್ಸ್ ಅನರ್ಹತೆಯನ್ನು ಕಾಯ್ದೆಯೇ ಹೇಳಿದೆ.

206ನೇ ಕಲಮಿನ 4ನೇ ಉಪಕಲಮಿನಲ್ಲಿ ಇಂಥ ಅಪರಾಧಗಳ ಪಟ್ಟಿ ಇದೆ: ಅತಿವೇಗ (183), ಅಪಾಯಕಾರಿ ಚಾಲನೆ (184), ಕುಡಿದು ಓಡಿಸುವುದು (185), ರಸ್ತೆಯಲ್ಲಿ ರೇಸ್ (189), ದೋಷವಿರುವ ವಾಹನ (190), ಮೇಲೆ ಹೇಳಿದ ಎರಡು, ಮತ್ತು ಆ್ಯಂಬುಲೆನ್ಸ್‌ನಂಥ ತುರ್ತು ವಾಹನಕ್ಕೆ ದಾರಿ ಬಿಡದಿರುವುದು (194ಇ). ಕೆಂಪು ದೀಪ ದಾಟುವುದು, ಕೈಯಲ್ಲಿ ಮೊಬೈಲ್ ಹಿಡಿದು ಓಡಿಸುವುದು 184ರೊಳಗೇ ಬರುತ್ತವೆ. ಈ ಅಪರಾಧಗಳಲ್ಲಿ ಪೊಲೀಸರು ಲೈಸೆನ್ಸ್ ವಶಕ್ಕೆ ಪಡೆದು ಪರವಾನಗಿ ಪ್ರಾಧಿಕಾರಕ್ಕೆ ಕಳಿಸುತ್ತಾರೆ. ವಿಮೆಯ 196ನೇ ಕಲಂ ಈ ಪಟ್ಟಿಯಲ್ಲಿಲ್ಲ. ವಾಹನವನ್ನು ತಡೆಹಿಡಿಯುವ 207ನೇ ಕಲಂ ಹೆಸರಿಸುವುದೂ ಲೈಸೆನ್ಸ್, ನೋಂದಣಿ, ಪರ್ಮಿಟ್ ಇಲ್ಲದ ಸಂದರ್ಭಗಳನ್ನೇ.

ಹೀಗಾಗಿ ಲೈಸೆನ್ಸ್ ಕೈಬಿಟ್ಟ ಕ್ಷಣದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಯಾವ ಕಲಂ? ಲೈಸೆನ್ಸ್ ತೆಗೆದುಕೊಂಡ ಅಧಿಕಾರಿ ತಾತ್ಕಾಲಿಕ ಸ್ವೀಕೃತಿ ಚೀಟಿ ಕೊಡಲೇಬೇಕು. ಕೇಳಿ ಪಡೆಯಿರಿ, ಅದು ನಿಮ್ಮ ಹಕ್ಕು. ಆ ಚೀಟಿಯಲ್ಲಿ ಎರಡು ಬಗೆ ಇದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ, ತೊಂದರೆ ಹುಟ್ಟುವುದು ಅಲ್ಲೇ. ಆರೋಪಿ ತಲೆತಪ್ಪಿಸಿಕೊಂಡಾನು, ಸಮನ್ಸ್ ಕೈಗೆ ಸಿಗದೆ ಹೋದಾನು ಎಂಬ ಕಾರಣಕ್ಕೆ 206ರ 2ನೇ ಉಪಕಲಂನಡಿ ಲೈಸೆನ್ಸ್ ಪಡೆದಿದ್ದರೆ, ಅದು ವಾಪಸ್ಸು ಬರುವವರೆಗೆ ಅಥವಾ ಚೀಟಿಯಲ್ಲಿ ಬರೆದ ದಿನಾಂಕದವರೆಗೆ ನೀವು ವಾಹನ ಓಡಿಸಬಹುದು. 4ನೇ ಉಪಕಲಂನಡಿ ಪಡೆದಿದ್ದರೆ ಆ ಚೀಟಿ ಇಟ್ಟುಕೊಂಡು ಓಡಿಸುವಂತಿಲ್ಲ. ಎರಡೂ ನೋಡಲು ಒಂದೇ ರೀತಿಯ ಕಾಗದ. ಮೊದಲನೆಯದು ಕೈಯಲ್ಲಿದ್ದರೂ ಹೆದರಿ ಮನೆಯಲ್ಲಿ ಕೂತು ದುಡಿಮೆ ಕಳೆದುಕೊಳ್ಳುವವರಿದ್ದಾರೆ, ಎರಡನೆಯದು ಕೈಯಲ್ಲಿದ್ದೂ ಧೈರ್ಯವಾಗಿ ಓಡಿಸಿ ಇನ್ನೊಂದು ಕೇಸು ಹಾಕಿಸಿಕೊಳ್ಳುವವರೂ ಇದ್ದಾರೆ.

ಲೈಸೆನ್ಸ್ ಪೊಲೀಸರ ಬಳಿ ಹೋದ ಮಾತ್ರಕ್ಕೆ ಅಮಾನತಾಯಿತು ಎಂದಲ್ಲ. ಈ ಪ್ರಕರಣಗಳಲ್ಲಿ ಅಮಾನತು ಮಾಡುವ ಅಧಿಕಾರ 19ನೇ ಕಲಂನಡಿ ಪರವಾನಗಿ ಪ್ರಾಧಿಕಾರದ್ದು, ನಮ್ಮ ಜಿಲ್ಲೆಯ (ಕೆ.ಎ. 37) ಮಟ್ಟಿಗೆ ಕೊಪ್ಪಳದ ಆರ್‌ಟಿಒ ಕಚೇರಿಯದು. 2022ರಲ್ಲಿ ಕಲ್ಕತ್ತಾ ಹೈಕೋರ್ಟ್ ಇದನ್ನೇ ಬಿಡಿಸಿ ಹೇಳಿತು: ಪೊಲೀಸರು ಲೈಸೆನ್ಸ್ ವಶಕ್ಕೆ ಪಡೆದು ಕಳಿಸಬಹುದು, ಅಮಾನತು ಮಾಡುವಂತಿಲ್ಲ. ಆರ್‌ಟಿಒ ಕೂಡ ನಿಮ್ಮ ಮಾತು ಕೇಳದೆ ಆದೇಶ ಮಾಡುವ ಹಾಗಿಲ್ಲ. ನೋಟಿಸು ಬರುತ್ತದೆ, ಅದಕ್ಕೆ ಉತ್ತರ ಕೊಡಬೇಕು. ಎಷ್ಟೋ ಜನ ನೋಟಿಸನ್ನು ಮಡಚಿ ಜೇಬಿಗಿಟ್ಟು ಸುಮ್ಮನಾಗುತ್ತಾರೆ. ಆಗ ಅಧಿಕಾರಿಯ ಮುಂದೆ ಉಳಿಯುವುದು ಪೊಲೀಸರ ವರದಿಯೊಂದೇ. ಆ ದಿನ ಬೈಕು ನಡೆಸಿದ್ದು ನಾನಲ್ಲ, ಫೋಟೊದಲ್ಲಿರುವ ಗಾಡಿ ನಂಬರ್ ನನ್ನದಲ್ಲ, ನನ್ನ ಮೇಲೆ ಇದಕ್ಕೂ ಮೊದಲು ಯಾವ ಕೇಸೂ ಇಲ್ಲ: ಇಂಥದ್ದೇನಿದ್ದರೂ ಬಿಳಿ ಹಾಳೆಯ ಮೇಲೆ ಕನ್ನಡದಲ್ಲೇ ಬರೆದು, ಪುರಾವೆ ಲಗತ್ತಿಸಿ, ಟಪಾಲಿನಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಅಧಿಕಾರಿಗೆ ಮನವರಿಕೆಯಾದರೆ ಪ್ರಕರಣದಿಂದ ಬಿಡುಗಡೆ ಮಾಡಿ ಲೈಸೆನ್ಸ್ ಮರಳಿಸಲು 19ನೇ ಕಲಮಿನಲ್ಲೇ ಅವಕಾಶವಿದೆ. ಇಲ್ಲವಾದರೆ ಕಾರಣ ಬರೆದು ಮೊದಲ ಸಲಕ್ಕೆ ಮೂರು ತಿಂಗಳು ಅನರ್ಹಗೊಳಿಸುತ್ತಾರೆ. ಎರಡನೇ ಸಲ ಸಿಕ್ಕರೆ ಲೈಸೆನ್ಸೇ ರದ್ದು.

ನಮ್ಮ ಜಿಲ್ಲೆಯ ಚಾಲಕರಿಗೆ ಇನ್ನೊಂದು ಬಾಗಿಲಿನಿಂದಲೂ ಅಮಾನತು ಬರುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳ 21ನೇ ನಿಯಮ ಸಾರ್ವಜನಿಕರಿಗೆ ಅಪಾಯ ತರುವ ಕೃತ್ಯಗಳನ್ನು ಪಟ್ಟಿ ಮಾಡಿದೆ. ಸರಕು ಸಾಗಿಸುವ ಗಾಡಿಯಲ್ಲಿ ಜನರನ್ನು ತುಂಬುವುದು, ಮಿತಿ ಮೀರಿದ ಭಾರ ಹೇರುವುದು ಅದರಲ್ಲಿವೆ. ಗಂಗಾವತಿ, ಕಾರಟಗಿ ಕಡೆ ನಾಟಿಯ ಕಾಲದಲ್ಲಿ ಬೆಳಗಿನ ಜಾವ ಹೆಣ್ಣಾಳುಗಳನ್ನು ತುಂಬಿಕೊಂಡು ಗದ್ದೆಗೆ ಹೊರಡುವ ಗೂಡ್ಸ್ ಗಾಡಿಗಳನ್ನು ನೋಡದವರಿಲ್ಲ. ಸುಪ್ರೀಂ ಕೋರ್ಟ್ ನೇಮಿಸಿದ ರಸ್ತೆ ಸುರಕ್ಷತಾ ಸಮಿತಿ 2015ರ ಆಗಸ್ಟ್‌ನಲ್ಲಿ, ಇಂಥ ಪ್ರಕರಣಗಳಲ್ಲಿ ಕನಿಷ್ಠ ಮೂರು ತಿಂಗಳು ಲೈಸೆನ್ಸ್ ಅಮಾನತು ಮಾಡಬೇಕೆಂದು ಎಲ್ಲ ರಾಜ್ಯಗಳಿಗೆ ಸೂಚಿಸಿದೆ. ಹೀಗೆ ಆಳುಗಳನ್ನು ತುಂಬುವುದು ಚಾಲಕನಿಗೆ ಒಂದು ದಿನದ ಬಾಡಿಗೆ. ಗಾಡಿ ಮಗುಚಿದರೆ ಹಿಂದೆ ಕೂತ ಹೆಣ್ಣುಮಕ್ಕಳಿಗೆ ವಿಮಾ ಕಂಪನಿ ಪರಿಹಾರ ಕೊಡಲು ಒಪ್ಪುವುದಿಲ್ಲ, ಏಕೆಂದರೆ ಪಾಲಿಸಿ ಇರುವುದು ಸರಕಿನ ಗಾಡಿಗೆ. ಅಮಾನತು ಕಠಿಣ ಅನ್ನಿಸಬಹುದು, ಆದರೆ ಈ ಒಂದು ವಿಷಯದಲ್ಲಿ ನಾನು ಕಾನೂನಿನ ಪಕ್ಷದಲ್ಲೇ ನಿಲ್ಲುತ್ತೇನೆ.

ಆದೇಶ ಕೈಗೆ ಬಂದ ಮೇಲೆ ಅದು ಸೇರಿದ ದಿನಾಂಕ ಬರೆದಿಟ್ಟುಕೊಳ್ಳಿ. ಅಂದಿನಿಂದ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಯಾವ ಅಧಿಕಾರಿಗೆ ಎಂಬುದನ್ನು ಆರ್‌ಟಿಒ ಕಚೇರಿಯಲ್ಲೇ ಕೇಳಿ ತಿಳಿದುಕೊಳ್ಳಿ. ಆದೇಶದ ಪ್ರತಿಯನ್ನೇ ಕೊಡದಿದ್ದರೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ. ಬಡತನ ರೇಖೆಗಿಂತ ಕೆಳಗಿನವರಿಗೆ ಆ ಶುಲ್ಕವೂ ಇಲ್ಲ. ಮೇಲ್ಮನವಿ ಬೇಡವೆಂದರೆ ಲೈಸೆನ್ಸ್ ಒಪ್ಪಿಸಿ ಅವಧಿ ಮುಗಿಸುವುದೇ ದಾರಿ. ಇಲ್ಲೊಂದು ಮುಖ್ಯ ಮಾತಿದೆ: ಮೂರು ತಿಂಗಳು ಕಳೆದ ಕೂಡಲೇ ಲೈಸೆನ್ಸ್ ತಾನಾಗಿ ಮರಳುವುದಿಲ್ಲ. 2019ರ ತಿದ್ದುಪಡಿಯ ಪ್ರಕಾರ, ಮಾನ್ಯತೆ ಪಡೆದ ಡ್ರೈವಿಂಗ್ ಸ್ಕೂಲಿನಲ್ಲಿ ಪುನರ್ ತರಬೇತಿ ಮುಗಿಸಿದವರಿಗೆ ಮಾತ್ರ ಅದನ್ನು ಹಿಂದಿರುಗಿಸಬೇಕು. ಅಮಾನತಿನ ಮೊದಲ ವಾರದಲ್ಲೇ ಆರ್‌ಟಿಒದಲ್ಲಿ ಯಾವ ಶಾಲೆಯ ಪ್ರಮಾಣಪತ್ರ ನಡೆಯುತ್ತದೆಂದು ಕೇಳಿ ಸೇರಿಕೊಂಡರೆ ಮುಂದೆ ಕಾಯುವುದು ತಪ್ಪುತ್ತದೆ. ಕಾರ್ಡ್ ಕೈಗೆ ಬಂದ ದಿನವೇ ಸಾರಥಿ ಪೋರ್ಟಲ್‌ನಲ್ಲಿ ಲೈಸೆನ್ಸ್ ಸ್ಥಿತಿ ನೋಡಿ. ಕಾರ್ಡ್ ಬಂದಿದ್ದರೂ ಕಂಪ್ಯೂಟರಿನಲ್ಲಿ ಅಮಾನತು ಎಂದೇ ಉಳಿದಿದ್ದರೆ ಮುಂದಿನ ತಪಾಸಣೆಯಲ್ಲಿ ಮತ್ತೆ ಸಿಕ್ಕಿಬೀಳುವುದು ನೀವೇ.

ಅನರ್ಹತೆಯ ಅವಧಿಯಲ್ಲಿ ಓಡಿಸಿದರೆ 182ನೇ ಕಲಂ: 10,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಅಷ್ಟೇ ಅಲ್ಲ, ಆ ದಿನಗಳಲ್ಲಿ ಅಪಘಾತವಾದರೆ, ವಿಮೆ ಚಾಲ್ತಿಯಲ್ಲಿದ್ದರೂ, ಚಾಲಕ ಅನರ್ಹನಾಗಿದ್ದ ಎಂಬ ವಾದ ಹೂಡಲು ವಿಮಾ ಕಂಪನಿಗೆ 150ನೇ ಕಲಂ ಅವಕಾಶ ಕೊಡುತ್ತದೆ. ಕೋರ್ಟು ಅನೇಕ ಪ್ರಕರಣಗಳಲ್ಲಿ ಮೊದಲು ಸಂತ್ರಸ್ತರಿಗೆ ಕೊಡು, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೋ ಎನ್ನುತ್ತದೆ. ಆಗ ಹೊರೆ ಬೀಳುವುದು ಮಾಲೀಕನ ತಲೆಯ ಮೇಲೆ.

ವಿಮೆಯ ಚಲನ್ ಲೈಸೆನ್ಸಿಗೆ ಅಡ್ಡ ಬರುವ ಒಂದು ಸಂದರ್ಭ ಇದೆ. ದಂಡ ಕಟ್ಟದೆ ಬಹುಕಾಲ ಬಿಟ್ಟರೆ ಲೈಸೆನ್ಸ್ ಅಥವಾ ಆರ್.ಸಿ.ಗೆ ಸಂಬಂಧಿಸಿದ ಅರ್ಜಿಗಳು ಪೋರ್ಟಲ್‌ನಲ್ಲಿ ಮುಂದೆ ಸಾಗುವುದಿಲ್ಲ. ಅದು ಅಮಾನತಲ್ಲ, ಬರೀ ತಡೆ. ಇ-ಚಲನ್ ಪೋರ್ಟಲ್‌ನಲ್ಲಿ ಬಾಕಿ ನೋಡಿ ಕಟ್ಟಿದರೆ, ಪ್ರಕರಣ ಕೋರ್ಟಿಗೆ ಹೋಗಿದ್ದರೆ ಅಲ್ಲಿ ಮುಗಿಸಿಕೊಂಡರೆ, ತಡೆ ತೆರವಾಗುತ್ತದೆ. ಇದಕ್ಕೆ ಏಜೆಂಟ್ ಬೇಕಿಲ್ಲ.

ದಂಡ ಕಟ್ಟಿದ ದಿನವೇ ವಿಮೆಯನ್ನೂ ಸರಿಮಾಡಿಕೊಳ್ಳಬೇಕು. 2022ರ ಜೂನ್ 1ರಿಂದ ಜಾರಿಗೆ ಬಂದ ದರದಲ್ಲಿ 75ರಿಂದ 150 ಸಿಸಿ ಬೈಕಿನ ಒಂದು ವರ್ಷದ ಥರ್ಡ್ ಪಾರ್ಟಿ ವಿಮೆ 714 ರೂಪಾಯಿ, ತೆರಿಗೆ ಬೇರೆ. 2018ರ ಸೆಪ್ಟೆಂಬರ್ 1ರ ನಂತರ ಕೊಂಡ ಹೊಸ ಬೈಕಿಗೆ ಐದು ವರ್ಷದ, ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕೊಳ್ಳುವಾಗಲೇ ಬಂದಿರುತ್ತದೆ. ಹಾಗಾಗಿ ಪಾಲಿಸಿಯಲ್ಲಿ ಎರಡು ದಿನಾಂಕ ಇರಬಹುದು. ಗಾಡಿಯ ಸ್ವಂತ ಹಾನಿಯ ವಿಮೆ ಮುಗಿದಿದ್ದರೂ ಥರ್ಡ್ ಪಾರ್ಟಿ ಚಾಲ್ತಿಯಲ್ಲಿದ್ದರೆ ಅಪರಾಧವಿಲ್ಲ. ಅಧಿಕಾರಿಗೆ ಆ ಸಾಲನ್ನೇ ಬೆರಳಿಟ್ಟು ತೋರಿಸಿ. ಟ್ರ್ಯಾಕ್ಟರಿಗೆ ವಿಮೆ ಇದ್ದರೆ ಸಾಲದು, ಟ್ರ್ಯಾಲಿಯೂ ಕಾನೂನಿನ ಕಣ್ಣಿಗೆ ಒಂದು ವಾಹನವೇ, ಅದಕ್ಕೂ ನೋಂದಣಿ, ವಿಮೆ ಬೇಕು.

ವಿಮೆ ಇಲ್ಲದಾಗ ಭಯಪಡಬೇಕಾದದ್ದು 2,000 ರೂಪಾಯಿ ದಂಡಕ್ಕಲ್ಲ. ವಿಮೆ ಇಲ್ಲದ ಬೈಕು ಯಾರಿಗಾದರೂ ಬಡಿದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಹಾಕುವ ಮೊತ್ತವೆಲ್ಲ ಮಾಲೀಕನ ಜೇಬಿನಿಂದ, ಇಲ್ಲವೇ ಅವನ ಆಸ್ತಿಯಿಂದ ಹೋಗಬೇಕು. 2018ರಲ್ಲಿ ಸುಪ್ರೀಂ ಕೋರ್ಟ್ ಸೂಚಿಸಿದಂತೆ, ಅಪಘಾತ ಮಾಡಿದ ವಿಮೆಯಿಲ್ಲದ ವಾಹನವನ್ನು ಪರಿಹಾರಕ್ಕೆ ಸಾಕಷ್ಟು ಭದ್ರತೆ ಕೊಡದೆ ಕೋರ್ಟು ಬಿಡುವುದಿಲ್ಲ, ಮೂರು ತಿಂಗಳ ನಂತರ ಅದನ್ನು ಹರಾಜಿಗೂ ಹಾಕಬಹುದು. ಗಾಡಿ ಮಾರಿದ್ದೇನೆ, ನನಗೇನು ಎನ್ನುವ ಹಾಗೂ ಇಲ್ಲ. ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಅವರೇ ಹೊಣೆ ಎಂದು ಅದೇ ವರ್ಷದ ಇನ್ನೊಂದು ತೀರ್ಪು ಹೇಳಿದೆ. ಬರೀ ಸಹಿ ಮಾಡಿದ ಫಾರಂ ಕೊಟ್ಟು ಬೈಕು ಮಾರಿದವರು ಹೆಸರು ಬದಲಾಗಿದೆಯೇ ಎಂದು ಎಂ-ಪರಿವಾಹನ್‌ನಲ್ಲಿ ಇವತ್ತೇ ನೋಡಿಕೊಳ್ಳಲಿ.

ನೋಟಿಸಿಗೆ ಉತ್ತರ ಬರೆಯಲು, ಮೇಲ್ಮನವಿ ಹಾಕಲು ವಕೀಲರಿಗೆ ಕೊಡಲು ದುಡ್ಡಿಲ್ಲದವರು ಕೊಪ್ಪಳದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. ಗಂಗಾವತಿ, ಕುಷ್ಟಗಿ, ಯಲಬುರ್ಗಾದವರು ತಮ್ಮ ತಾಲೂಕಿನ ಕೋರ್ಟಿನಲ್ಲೇ ತಾಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರಿಗೆ 1987ರ ಕಾಯ್ದೆಯಡಿ ವಕೀಲರ ನೆರವು ಉಚಿತ. ಫೋನಿನಲ್ಲಿ ಕೇಳುವುದಾದರೆ 15100. ಹೋಗುವಾಗ ಚಲನ್, ಸ್ವೀಕೃತಿ ಚೀಟಿ, ನೋಟಿಸು, ಆದೇಶ, ಹೊಸ ವಿಮಾಪತ್ರ ಎಲ್ಲದರ ಜೆರಾಕ್ಸ್ ಒಯ್ಯಿರಿ, ಆದೇಶ ಸೇರಿ 30 ದಿನ ತುಂಬುವುದಕ್ಕೆ ಮೊದಲೇ ಹೋಗಿ.