ಅಜ್ಜನ ಕೋಲ್ಟ್‌ಗೆ ಎಷ್ಟು ದಪ್ಪದ ಗುಂಡು?

ಪುಟ್ಟಿ,

ನಿನ್ನ ಗಂಡನ ಮನೆಯವರು ಅವರಜ್ಜನ ಕೋಲ್ಟ್ ನ್ಯೂ ಸರ್ವಿಸ್ ರಿವಾಲ್ವರನ್ನು ನಿನ್ನ ಕೈಗೇ ಒಪ್ಪಿಸಿದ್ದು ಓದಿ ಹೆಮ್ಮೆಯಾಯಿತು. ಆದರೆ ರೇಂಜಿನಲ್ಲಿ ಗುಂಡುಗಳು ಹಲಗೆಯ ತುಂಬ ಚೆದುರುತ್ತವೆ, ನಳಿಗೆಯೊಳಗೆ ಸೀಸ ಮೆತ್ತಿಕೊಂಡು ಉಜ್ಜಿದರೂ ಹೋಗುವುದಿಲ್ಲ ಎಂದು ಬರೆದಿದ್ದೀಯ. ನಿನ್ನ ಕೈಯನ್ನು ಬೈದುಕೊಳ್ಳಬೇಡ. ನೀನು ಅಂಗಡಿಯಿಂದ ತಂದ 0.452 ಇಂಚಿನ ಗುಂಡು ಆ ರಿವಾಲ್ವರಿಗೆ ಸಣ್ಣದಾಗಿದೆ ಎಂದೇ ನನ್ನ ಅನುಮಾನ.

ನಿನ್ನ ರಿವಾಲ್ವರಿಗೆ ಹಾಕುವ .45 ಕೋಲ್ಟ್ ಕಾಟ್ರಿಜ್ ಬಳಕೆಗೆ ಬಂದದ್ದು 1873ರಲ್ಲಿ. ಎರಡನೇ ಮಹಾಯುದ್ಧಕ್ಕೆ ಮುಂಚೆ ಅದರ ಗುಂಡು ಸುಮಾರು 0.454 ಇಂಚು ಇರುತ್ತಿತ್ತು, ನಳಿಗೆಯೂ ಅದಕ್ಕೆ ತಕ್ಕಂತೆ. ಯುದ್ಧದ ನಂತರ ಅದು 0.451, 0.452ಕ್ಕೆ ಇಳಿಯಿತು. ಹೆಸರು ಹಾಗೇ ಉಳಿಯಿತು. ಪೆಟ್ಟಿಗೆಯ ಮೇಲಿನ ಹೆಸರನ್ನು ನಂಬಬೇಡ ಎಂದು ನಾನು ಹೇಳುವುದು ಇದಕ್ಕೇ. .38 ಸ್ಪೆಷಲ್ಲಿನ ಸೀಸದ ಗುಂಡು 0.358, ಹಳೆಯ .38 ಸ್ಮಿತ್ ಆಂಡ್ ವೆಸನ್ನಿನದು 0.361, .44 ಸ್ಪೆಷಲ್ಲಿನದು 0.430ರ ಆಸುಪಾಸು. ಯಾವ ಹೆಸರೂ ಅಳತೆಯಲ್ಲ.

ರಿವಾಲ್ವರಿನ ವಿಷಯ ರೈಫಲ್ಲಿನ ಹಾಗಲ್ಲ. ಗುಂಡು ಮೊದಲು ಸಿಲಿಂಡರಿನ ಕೋಣೆಯ ಮುಂದಿನ ಇಕ್ಕಟ್ಟಾದ ಬಾಯಿಯನ್ನು ದಾಟಬೇಕು. ಇದನ್ನೇ ಥ್ರೋಟ್ ಎನ್ನುತ್ತಾರೆ. ಆಮೇಲೆ ಸಿಲಿಂಡರಿಗೂ ನಳಿಗೆಗೂ ನಡುವಿನ ಸಣ್ಣ ಸಂದನ್ನು ಹಾರಿ ನಳಿಗೆಯೊಳಗೆ ಸುರುಳಿಯಾಗಿ ಕೊರೆದ ಗಾಡಿಗಳನ್ನು ಕಚ್ಚಿಕೊಳ್ಳಬೇಕು. ಗುಂಡು ಥ್ರೋಟಿಗಿಂತ ಸಣ್ಣದಾದರೆ ಬಿಸಿ ಗಾಳಿ ಅದರ ಪಕ್ಕದಿಂದ ನುಗ್ಗಿ ಸೀಸವನ್ನು ಸವೆಸಿ ಕರಗಿಸುತ್ತದೆ. ನೀನು ಉಜ್ಜುತ್ತಿರುವುದು ಆ ಸೀಸವನ್ನೇ. ಥ್ರೋಟ್ ನಳಿಗೆಗಿಂತ ಕಿರಿದಾಗಿದ್ದರೆ ಇನ್ನೊಂದು ತಾಪತ್ರಯ: ಎಷ್ಟೇ ದಪ್ಪ ಗುಂಡು ಹಾಕು, ಅದು ಅಲ್ಲೇ ಹಿಂಡಿಸಿಕೊಂಡು, ನಳಿಗೆ ಸೇರುವಾಗ ಸಡಿಲವಾಗಿರುತ್ತದೆ. ಹಾಗಾಗಿ ಥ್ರೋಟ್ ನಳಿಗೆಯ ಗಾಡಿಯ ಅಳತೆಗೆ ಸಮನಾಗಿ ಅಥವಾ ಒಂದು ಥೌ ದೊಡ್ಡದಾಗಿ ಇರಬೇಕು, ಗುಂಡು ಥ್ರೋಟಿಗೆ ಸರಿಯಾಗಿ ಕೂರಬೇಕು. ಎಚ್‌ಎಂಟಿಯಲ್ಲಿ ಮೈಕ್ರೋಮೀಟರ್ ಹಿಡಿದು ಬೆಳೆದವನು ನಾನು. ಇಂಚಿನ ಸಾವಿರದಲ್ಲೊಂದು ಭಾಗವಾದ ಈ ಥೌ ತಲೆಕೂದಲಿಗಿಂತ ತೆಳು ಎಂದು ಅಸಡ್ಡೆ ಮಾಡುವವರ ಕೈಯಲ್ಲಿ ಒಳ್ಳೆಯ ಯಂತ್ರವೂ ಕೆಡುತ್ತದೆ.

ಅಳೆಯುವುದು ಹೇಗೆ ಅಂತೀಯಾ? ಮೊದಲು ರಿವಾಲ್ವರ್ ಖಾಲಿ ಇದೆಯೇ ಎಂದು ಎರಡು ಸಲ ನೋಡು, ಮದ್ದುಗುಂಡನ್ನೆಲ್ಲ ನೀನು ಕೆಲಸ ಮಾಡುವ ಕೋಣೆಯಿಂದಲೇ ಆಚೆಗಿಡು. ನಳಿಗೆಗೆ ಎಣ್ಣೆ ಸವರಿ, ಒಳಗಿನ ಅಳತೆಗಿಂತ ತುಸು ದಪ್ಪವಿರುವ ಅಪ್ಪಟ ಸೀಸದ ಗುಂಡನ್ನು ಮುಂದಿನ ತುದಿಯಿಂದ ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಒಳಗಿಳಿಸು. ಆಮೇಲೆ ಹಿತ್ತಾಳೆಯ ಸರಳಿನಿಂದ ಹಿಂದಕ್ಕೆ ತಳ್ಳು. ತಳ್ಳುವಾಗ ಕೈಗೆ ಬರುವ ಹಿಡಿತವನ್ನು ಗಮನಿಸು. ನಳಿಗೆ ಚೌಕಟ್ಟಿಗೆ ತಿರುಪಿಕೊಂಡಿರುವ ಜಾಗದಲ್ಲಿ ಸರಳು ಬಿಗಿಯಾದರೆ ಅಲ್ಲಿ ನಳಿಗೆ ಇಕ್ಕಟ್ಟಾಗಿದೆ ಎಂದು ತಿಳಿ. ಹೊರಬಂದ ಗುಂಡಿನ ಮೇಲಿನ ಉಬ್ಬುಗಳ ನಡುವಿನ ಅಗಲವೇ ಗಾಡಿಯ ಅಳತೆ. ಕೋಲ್ಟ್‌ಗೆ ಆರು ಗಾಡಿ, ಉಬ್ಬುಗಳು ಎದುರುಬದುರು ಬರುತ್ತವೆ, ಮೈಕ್ರೋಮೀಟರ್ ಸಲೀಸಾಗಿ ಕೂರುತ್ತದೆ. ಸ್ಮಿತ್ ಆಂಡ್ ವೆಸನ್ನಿಗೆ ಐದೇ ಗಾಡಿ, ಅದನ್ನು ಅಳೆಯಲು ವಿ ಆಕಾರದ ಮೈಕ್ರೋಮೀಟರ್ ಬೇಕು. ಆರು ಥ್ರೋಟುಗಳನ್ನೂ ಒಂದೊಂದಾಗಿ ಹೀಗೇ ಅಳೆ. ಒಂದನ್ನು ಅಳೆದು ಉಳಿದವೂ ಅಷ್ಟೇ ಎಂದುಕೊಳ್ಳಬೇಡ, ಹಳೆಯ ಸಿಲಿಂಡರುಗಳಲ್ಲಿ ಕೋಣೆ ಕೋಣೆಗೆ ವ್ಯತ್ಯಾಸವಿರುತ್ತದೆ.

ಥ್ರೋಟ್ 0.456, ಗಾಡಿ 0.454 ಬಂತೆನ್ನು. ಆಗ ಥ್ರೋಟಿಗೆ ಸರಿಯಾಗಿ ಕೂರುವ 0.456ರ ಮೆತ್ತನೆಯ ಗುಂಡು ಹಾಕು. ಇಪ್ಪತ್ತು ಪಾಲು ಸೀಸಕ್ಕೆ ಒಂದು ಪಾಲು ತವರ ಸಾಕು. ಗಟ್ಟಿ ಮಿಶ್ರಲೋಹವೇ ಉತ್ತಮ ಎನ್ನುವ ಮಾತನ್ನು ಈ ಕಡಿಮೆ ಒತ್ತಡದ ಕಾಟ್ರಿಜ್‌ಗೆ ನಾನು ಒಪ್ಪುವುದಿಲ್ಲ. ಮೆತ್ತನೆಯ ಸೀಸ ಒತ್ತಡಕ್ಕೆ ತುಸು ಉಬ್ಬಿ ಸಂದು ಮುಚ್ಚುತ್ತದೆ, ಗಟ್ಟಿಯದು ಹಾಗೆ ಉಬ್ಬುವುದಿಲ್ಲ. ಮದ್ದು ತುಂಬುವ ಮುನ್ನ ಬರೀ ಗುಂಡು ಕೂರಿಸಿದ ಖಾಲಿ ಕೇಸೊಂದನ್ನು ಆರೂ ಕೋಣೆಗೆ ಹಾಕಿ ನೋಡು. ಬೆರಳಿಂದ ಇಳಿಯದಿದ್ದರೆ ಗುಂಡು ದಪ್ಪವಾಯಿತು ಅಂತ ಅರ್ಥ, ಬಲವಂತ ಮಾಡಬೇಡ. ಥ್ರೋಟ್ ಕಿರಿದಾಗಿದ್ದರೆ ನೀನೇ ಕೊರೆಯಲು ಹೋಗದೆ ಬಂದೂಕು ರಿಪೇರಿಯವರ ಹತ್ತಿರ ಒಯ್ಯಿ. ಸಿಲಿಂಡರ್ ಅಲುಗುತ್ತದೆಯೇ, ಪ್ರತಿ ಕೋಣೆಯೂ ನಳಿಗೆಗೆ ನೇರವಾಗಿ ನಿಲ್ಲುತ್ತದೆಯೇ ಎಂದೂ ಅವರಿಂದಲೇ ನೋಡಿಸು.

ಮದ್ದಿನ ಪ್ರಮಾಣ ನಾನು ಬರೆಯುವುದಿಲ್ಲ, ಅದನ್ನು ಕೈಪಿಡಿಯಲ್ಲೇ ನೋಡು. ಆದರೆ ಒಂದು ವಿಷಯದಲ್ಲಿ ದೊಡ್ಡಪ್ಪನ ಮಾತು ಮೀರಬೇಡ: .45 ಕೋಲ್ಟ್‌ಗೆಂದು ಕೈಪಿಡಿಯಲ್ಲಿ ಎರಡು ಪಟ್ಟಿ ಇರಬಹುದು. ರೂಗರ್ ಬ್ಲ್ಯಾಕ್‌ಹಾಕ್‌ನಂಥ ಗಟ್ಟಿ ರಿವಾಲ್ವರುಗಳ ಪಟ್ಟಿಯ ಕಡೆ ಕಣ್ಣು ಹಾಯಿಸಲೂ ಬೇಡ. ಈ ಕಾಟ್ರಿಜ್‌ಗೆ ಅಮೆರಿಕದಲ್ಲಿ ನಿಗದಿಯಾದ ಗರಿಷ್ಠ ಒತ್ತಡ 14,000 ಪಿಎಸ್‌ಐ, ನಿನ್ನ ಮುದಿ ಕೋಲ್ಟ್ ಅದಕ್ಕಿಂತ ಕೆಳಗೇ ಇರಲಿ.

ಗುಂಡನ್ನು ನೀನೇ ಅಚ್ಚಿನಲ್ಲಿ ಎರೆಯುವುದಾದರೆ, ಸೀಸ ಕರಗಿಸುವುದು ಬಯಲಲ್ಲಿ. ಒಂದು ಹನಿ ನೀರು ಬಿದ್ದರೂ ಅದು ಆವಿಯಾಗಿ ಸಿಡಿದು ಕಾದ ಸೀಸವನ್ನು ಮೈಮೇಲೆ ಎರಚುತ್ತದೆ. ಮಗುವನ್ನು ಹತ್ತಿರ ಬಿಡಬೇಡ. ಕೈ ತೊಳೆದು ಬಟ್ಟೆ ಬದಲಿಸಿದ ಮೇಲೆಯೇ ಅವನನ್ನು ಎತ್ತಿಕೋ.

ಡಿಸೆಂಬರಿನಲ್ಲಿ ಊರಿಗೆ ಹೊರಡುವಾಗ ರೇಂಜಿಗೆ ಒಯ್ಯುವ ಚೀಲವನ್ನು ತರಬೇಡ. ಮರೆತು ಉಳಿದ ಒಂದೇ ಒಂದು ಕಾಟ್ರಿಜ್ ಸಿಕ್ಕರೂ ಭಾರತದ ವಿಮಾನ ನಿಲ್ದಾಣದಲ್ಲಿ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು ಬೀಳಬಹುದು.

ಆರು ಥ್ರೋಟಿನ ಅಳತೆ, ನಳಿಗೆಯ ಅಳತೆ ಒಂದು ಹಾಳೆಯಲ್ಲಿ ಬರೆದು ಫೋಟೋ ಕಳಿಸು. ಅಲ್ಲಿಯವರೆಗೆ ಹೊಸ ಅಚ್ಚಿಗೆ ದುಡ್ಡು ಹಾಕಬೇಡ.

ಇಂತಿ,
ನಿನ್ನ ದೊಡ್ಡಪ್ಪ