ಎಕ್ಕಿ ಗಿಡ ಕಡಿಯೋ ಮುಂಚೆ ಎಲೆ ತಿರುಗಿಸಿ ನೋಡ್ರಿ

ಯಾದಗಿರಿ ಹತ್ತಿರದ ಹತ್ತಿಕುಣಿ ಜಲಾಶಯಕ್ಕೆ ಹೋದರೆ ನಾವೆಲ್ಲ ನೀರು ನೋಡ್ತೀವಿ, ಸೆಲ್ಫಿ ತಗೋತೀವಿ, ವಾಪಸ್ ಬರ್ತೀವಿ. ದಾರಿ ಬದಿಯ ಎಕ್ಕಿ ಗಿಡವನ್ನು ಯಾರೂ ನೋಡಲ್ಲ. ಶನಿವಾರ ಹನುಮಪ್ಪನಿಗೆ ಹಾರ ಬೇಕಾದಾಗ ಅದು ದೇವರ ಗಿಡ, ಉಳಿದ ದಿನ ಬರೀ ಕಸ. ಹೋದ ಸಲದ ಶ್ರಮದಾನದಲ್ಲಿ ನಾವೂ ಮೊದಲು ಕಡಿದದ್ದು ಅದನ್ನೇ. ಕಡಿದು ಹಾಕಿದ ಮೇಲೆ ಎಲೆಯ ಕೆಳಗೆ ಪಟ್ಟೆಪಟ್ಟೆ ಹುಳುಗಳು ಕಂಡವು. ತಪ್ಪು ತಿಳಿದದ್ದು ಆಗ.

ಗುರುತಿಸೋದು ಹೇಗೆ?

ಬೂದಿ ಬಳಿದಂಥ ದಪ್ಪ ಎಲೆಗಳು ಎದುರುಬದುರು ಇರುತ್ತವೆ. ಮುರಿದರೆ ಬಿಳಿ ಹಾಲು. ಇದರಲ್ಲಿ ಎರಡು ಜಾತಿ. ಹೂವಿನ ದಳಗಳು ಅಗಲಕ್ಕೆ ಹರಡಿದ್ದು, ತಿಳಿ ನೇರಳೆ ಅಥವಾ ಪೂರ್ತಿ ಬಿಳಿ ಇದ್ದರೆ ಅದು ಕ್ಯಾಲೊಟ್ರೊಪಿಸ್ ಜೈಗಾಂಟಿಯ. ದಳಗಳು ಬಟ್ಟಲಿನಂತೆ ಮೇಲಕ್ಕೆ ನಿಂತು, ತುದಿಗಷ್ಟೇ ಕಡು ನೇರಳೆ ಇದ್ದರೆ ಕ್ಯಾಲೊಟ್ರೊಪಿಸ್ ಪ್ರೊಸೆರಾ.

ಯಾರಿಗೆ ಬೇಕು ಈ ಗಿಡ?

ಪ್ಲೇನ್ ಟೈಗರ್ ಎಂಬ ಕಿತ್ತಳೆ ಬಣ್ಣದ ಚಿಟ್ಟೆ ಎಕ್ಕಿ ಎಲೆಯ ಮೇಲೆ ಮೊಟ್ಟೆ ಇಡುತ್ತದೆ. ನಾವು ನೋಡಿದ ಹುಳು ಇದರದ್ದೇ. ಹಾಲು ವಿಷ, ಅಂಟು ಬೇರೆ. ಹಾಗಾಗಿ ಮರಿಹುಳು ಮೊದಲು ಎಲೆಯ ನಾಳ ಕಚ್ಚಿ ಹಾಲಿನ ಹರಿವು ತಡೆಯುತ್ತದೆ, ಆಮೇಲೆ ತಿನ್ನುತ್ತದೆ. ವಾಲ್ವ್ ಬಂದ್ ಮಾಡಿ ಪೈಪ್ ರಿಪೇರಿ ಮಾಡಿದ ಹಾಗೆ! ತಿಂದ ವಿಷವನ್ನು ಮೈಯಲ್ಲೇ ಉಳಿಸಿಕೊಳ್ಳುವುದರಿಂದ ಈ ಚಿಟ್ಟೆ ಹಕ್ಕಿಗಳಿಗೆ ರುಚಿಸಲ್ಲ. ಇದರ ವೇಷ ಹಾಕಿ ಬದುಕುವ ಬೇರೆ ಚಿಟ್ಟೆಯೂ ಇದೆ: ಡನೈಡ್ ಎಗ್‌ಫ್ಲೈ ಜಾತಿಯ ಹೆಣ್ಣು.

ಹಳದಿ-ನೀಲಿ ಪಟ್ಟೆಯ ಎಕ್ಕದ ಮಿಡತೆಗೂ ಇದೇ ಊಟ. ಹೂವಿಗೆ ಬರೋದು ಕಪ್ಪನೆಯ ದೊಡ್ಡ ಬಡಗಿ ದುಂಬಿ. ಎಕ್ಕಿಯ ಪರಾಗ ಪುಡಿಯಾಗಿ ಉದುರಲ್ಲ, ಪುಟ್ಟ ಚೀಲಗಳಲ್ಲಿರುತ್ತದೆ. ದುಂಬಿಯ ಕಾಲಿಗೆ ಆ ಚೀಲ ಕ್ಲಿಪ್‌ನಂತೆ ಸಿಕ್ಕಿಕೊಂಡು ಮುಂದಿನ ಹೂವಿಗೆ ಹೋಗುತ್ತದೆ. ಮಳೆ ಕಡಿಮೆಯಾಗಿ ಉಳಿದ ಗಿಡ ಒಣಗಿದಾಗಲೂ ಎಕ್ಕಿ ಹೂ ಬಿಡುತ್ತಿರುತ್ತದೆ.

ಹಾಗಂತ ಎಲ್ಲಾ ಕಡೆ ಬೆಳೆಸ್ರಿ ಅನ್ನಲ್ಲ. ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಮುಟ್ಟಿದ ಮೇಲೆ ಕೈ ತೊಳೀರಿ, ಕಣ್ಣಿಗೆ ಸಿಡಿದರೆ ನೀರಿನಿಂದ ಚೆನ್ನಾಗಿ ತೊಳೆದು ಡಾಕ್ಟರ್ ಹತ್ರ ಹೋಗ್ರಿ. ಓಡಾಡೋ ದಾರಿಯಲ್ಲಿದ್ದರೆ ತೆಗೀರಿ. ಮೂಲೆಯಲ್ಲಿ ತನ್ನ ಪಾಡಿಗೆ ನಿಂತದ್ದನ್ನು ಬಿಡ್ರಿ. ಮುಂದಿನ ಶ್ರಮದಾನದಲ್ಲಿ ನಾವು ಮೊದಲು ಎಲೆ ತಿರುಗಿಸಿ ನೋಡ್ತೀವಿ, ಕುಡುಗೋಲು ಆಮೇಲೆ.