ಸವೆದ ಮಂಡಿಗೆ ವ್ಯಾಯಾಮ ಬೇರೆ ಕೇಡೇ?

ಪ್ರಶ್ನೆ: ನನಗೆ 61 ವರ್ಷ. ಎಕ್ಸ್-ರೇ ನೋಡಿದ ಡಾಕ್ಟರು ಎರಡೂ ಮಂಡಿ ಸವೆದಿವೆ ಎಂದರು, ವ್ಯಾಯಾಮ ಮಾಡಿ ಎಂದೂ ಹೇಳಿದರು. ಸವೆದ ಬೇರಿಂಗನ್ನು ತಿರುಗಿಸಿದಷ್ಟೂ ಸವೆಯುವುದಿಲ್ಲವೇ? ಯೋಗ ತರಗತಿಯಲ್ಲಿ ವಜ್ರಾಸನ ಹಾಕಿಸುತ್ತಾರೆ. ಬಿಡಬೇಕೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮಂಡಿ ನಿಜಕ್ಕೂ ಬೇರಿಂಗ್ ಆಗಿದ್ದರೆ ನಿಮ್ಮ ಲೆಕ್ಕ ಸರಿ. ಆದರೆ ಮೂಳೆಯ ತುದಿಯನ್ನು ಹೊದ್ದಿರುವ ಮೃದ್ವಸ್ಥಿಗೆ ಜೀವವಿದೆ. ಅದಕ್ಕೆ ರಕ್ತನಾಳಗಳಿಲ್ಲ, ಆಹಾರವೆಲ್ಲ ಕೀಲಿನೊಳಗಿನ ದ್ರವದಿಂದಲೇ ಸಿಗಬೇಕು. ಕಾಲೂರಿದಾಗ ಒತ್ತಡ ಬಿದ್ದು ದ್ರವ ಹೊರಗೆ ಜಿನುಗುತ್ತದೆ, ಕಾಲೆತ್ತಿದಾಗ ಪೋಷಕಾಂಶ ಹೊತ್ತು ಒಳಗೆ ಮರಳುತ್ತದೆ. ನೋವೆಂದು ಕೂತೇ ಇದ್ದರೆ ಈ ಹೋಗಿಬರುವಿಕೆ ಕುಂಟುತ್ತದೆ. ತೊಡೆಯ ಮುಂಭಾಗದ ಸ್ನಾಯುವೂ ಸೊರಗುತ್ತದೆ. ಮೆಟ್ಟಿಲಿಳಿಯುವಾಗ ಮೈಭಾರ ತಾಳಬೇಕಾದದ್ದು ಅದೇ ಸ್ನಾಯು. ಅದು ಕೈಬಿಟ್ಟರೆ ಪೆಟ್ಟು ನೇರ ಕೀಲಿಗೆ. ಹಾಗೆಂದು ಸವೆದದ್ದು ವ್ಯಾಯಾಮದಿಂದ ಮತ್ತೆ ಬೆಳೆಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಡಿಮೆಯಾಗುವುದು ನೋವು, ಸಲೀಸಾಗುವುದು ಓಡಾಟ. ಎಕ್ಸ್-ರೇ ಎಷ್ಟೇ ಕೆಟ್ಟದಾಗಿ ಕಂಡರೂ ಆರಾಮಾಗಿ ಓಡಾಡುವವರು ಬೇಕಾದಷ್ಟು ಮಂದಿ ಇದ್ದಾರೆ.

ಹಾಸಿಗೆಯಲ್ಲೇ ಶುರುಮಾಡಿ. ಕಾಲು ಚಾಚಿ, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಮಂಡಿಯಿಂದಲೇ ಕೆಳಕ್ಕೆ ಒತ್ತಿ. ಮಂಡಿಚಿಪ್ಪಿನ ಮೇಲ್ಗಡೆ ಅಂಗೈ ಇಟ್ಟರೆ ತೊಡೆ ಗಟ್ಟಿಯಾಗುವುದು ಕೈಗೇ ತಿಳಿಯುತ್ತದೆ. ಐದು ಎಣಿಸಿ ಸಡಿಲ ಬಿಡಿ, ಹೀಗೆ ಹತ್ತು ಸಲ. ಇದರಲ್ಲಿ ಮಂಡಿ ಮಡಚುವುದೇ ಇಲ್ಲವಾದ್ದರಿಂದ ನೋವಿರುವವರಿಗೂ ಸಾಧ್ಯ. ಇದು ಸಲೀಸಾದ ಮೇಲೆ ಕುರ್ಚಿಗೆ ಬನ್ನಿ. ಸೋಫಾ ಬೇಡ, ಎತ್ತರದ ಗಟ್ಟಿ ಕುರ್ಚಿ ಇರಲಿ. ಮೊದಮೊದಲು ಕೈಯೂರಿ ಏಳಿ, ಎದ್ದದ್ದಕ್ಕಿಂತ ನಿಧಾನವಾಗಿ ಕೂರಿ. ದೊಪ್ಪನೆ ಕೂತರೆ ಅರ್ಧ ವ್ಯಾಯಾಮ ಹೋಯಿತು.

ಸ್ನಾಯು ಎಳೆಯುವ ವ್ಯಾಯಾಮ ಬಿಸಿನೀರ ಸ್ನಾನದ ನಂತರವೋ ಸ್ವಲ್ಪ ನಡೆದ ಮೇಲೋ ಒಳ್ಳೆಯದು. ಅಂಗಾತ ಮಲಗಿ ಪಾದಕ್ಕೆ ಟವೆಲ್ ಸಿಕ್ಕಿಸಿ, ತೊಡೆಯ ಹಿಂಭಾಗ ಬಿಗಿಯುವವರೆಗೆ ಕಾಲನ್ನು ಮೇಲಕ್ಕೆಳೆದು 20–30 ಸೆಕೆಂಡ್ ಹಿಡಿಯಿರಿ. ಜಗ್ಗಿ ಜಗ್ಗಿ ಎಳೆಯಬೇಡಿ. ಸೆಳೆತ ಸ್ನಾಯುವಿನಲ್ಲಿ ಕಂಡರೆ ಸರಿ, ಕೀಲಿನೊಳಗೆ ಚುಚ್ಚಿದರೆ ನಿಲ್ಲಿಸಿ.

ಎಷ್ಟು ನೋವಿನವರೆಗೆ ಸಹಿಸಬಹುದು? ಡೆನ್ಮಾರ್ಕ್‌ನಲ್ಲಿ 2013ರಲ್ಲಿ ಆರಂಭವಾದ ‘ಗ್ಲಾಡ್’ ಎಂಬ ಮಂಡಿ-ಸೊಂಟದ ವ್ಯಾಯಾಮ ಕಾರ್ಯಕ್ರಮದಲ್ಲಿ ಸರಳ ಅಳತೆಯೊಂದಿದೆ. ಹತ್ತಕ್ಕೆ ಐದರವರೆಗಿನ ನೋವು ನಡೆದೀತು, ಆದರೆ 24 ಗಂಟೆಯೊಳಗೆ ಅದು ಮೊದಲಿದ್ದ ಮಟ್ಟಕ್ಕೆ ಇಳಿಯಬೇಕು. ಇಳಿಯದಿದ್ದರೆ ಮರುದಿನ ಸಂಖ್ಯೆ ಕಡಿಮೆ ಮಾಡಿ. ಪೂರ್ತಿ ಬಿಡಬೇಕಾಗಿಲ್ಲ.

ವಜ್ರಾಸನವನ್ನು ಸದ್ಯಕ್ಕೆ ಬಿಡಿ. ಮಂಡಿ ಪೂರ್ತಿ ಮಡಚಿ ಮೇಲೆ ಮೈಭಾರ ಹಾಕಿದಾಗ ಚಿಪ್ಪಿನ ಹಿಂದೆ ಒತ್ತಡ ಬಹಳ ಹೆಚ್ಚುತ್ತದೆ. ಪದ್ಮಾಸನ, ಕುಕ್ಕರಗಾಲಲ್ಲಿ ಕೂರುವುದು ಇವಕ್ಕೂ ಇದೇ ಮಾತು. ಕುರ್ಚಿಯ ಮೇಲೆ ಕೂತು ಪ್ರಾಣಾಯಾಮ ಮಾಡಿದರೆ ಯಾವ ಫಲವೂ ಕಡಿಮೆಯಾಗದು. ‘ನೋವನ್ನು ದಾಟಿ ಹೋಗಿ’ ಎನ್ನುವ ಶಿಕ್ಷಕರಾದರೆ, ನನ್ನ ಅಭಿಪ್ರಾಯದಲ್ಲಿ, ತರಗತಿಯನ್ನೇ ಬದಲಿಸುವುದು ಮೇಲು.

ಒಂದು ಎಚ್ಚರ. ಬೆಳಗಿನ ಬಿಗಿತ ಗಂಟೆಗಟ್ಟಲೆ ಬಿಡದೆ, ಎರಡೂ ಕೈಗಳ ಬೆರಳ ಗೆಣ್ಣುಗಳು ಊದುತ್ತಿದ್ದರೆ ಅದು ಸವೆತವಲ್ಲ, ರುಮಟಾಯ್ಡ್ ಸಂಧಿವಾತ ಇರಬಹುದು. ಅದು ಕೆರಳಿದ ದಿನಗಳಲ್ಲಿ ಕೀಲುಗಳನ್ನು ಮೆಲ್ಲನೆ ಆಡಿಸಿದರೆ ಸಾಕು. ಆ ಕಾಯಿಲೆಯಲ್ಲಿ ಕತ್ತಿನ ಮೇಲ್ಭಾಗದ ಕೀಲು ಸಡಿಲವಾಗುವುದುಂಟು, ಹಾಗಾಗಿ ಶೀರ್ಷಾಸನ, ಕತ್ತನ್ನು ಬಲವಂತವಾಗಿ ತಿರುಗಿಸುವುದು ಅಪಾಯ. ಮಂಡಿ ದಿಢೀರನೆ ಊದಿ, ಕೆಂಪಗೆ ಬಿಸಿಯಾಗಿ ಜ್ವರವೂ ಬಂದರೆ ವ್ಯಾಯಾಮದ ಮಾತೇ ಇಲ್ಲ, ಅಂದೇ ಆಸ್ಪತ್ರೆಗೆ ಹೋಗಿ.

ತೂಕ ಹೆಚ್ಚಿದ್ದರೆ ಅದನ್ನೂ ನೋಡಿಕೊಳ್ಳಿ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ ಎಂದು 2005ರ ಅಮೆರಿಕದ ಅಧ್ಯಯನವೊಂದು ಅಳೆದು ತೋರಿಸಿದೆ. ನಡೆಯಲು ಕೋಲು ಹಿಡಿಯುವುದಾದರೆ ಹೆಚ್ಚು ನೋಯುವ ಕಾಲಿನ ಎದುರು ಕೈಯಲ್ಲಿ ಹಿಡಿಯಿರಿ. ಹೆಚ್ಚಿನವರು ನೋಯುವ ಬದಿಗೇ ಊರುತ್ತಾರೆ.